1990–91ರ ಎಂಎಕ್ಸ್-5 ಇಟ್ಟುಕೊಂಡವರೇ, ಕ್ರ್ಯಾಂಕ್ ಬೋಲ್ಟಿಗೆ ಇಂಪ್ಯಾಕ್ಟ್ ಗನ್ ಹಾಕಲು ಬಿಡಬೇಡಿ

ಟೈಮಿಂಗ್ ಬೆಲ್ಟ್ ಬದಲಿಸಿ ಕೆಲವೇ ನೂರು ಕಿಲೋಮೀಟರ್ ಓಡಿದ್ದ 1990ರ ಮಾಜ್ದಾ ಎಂಎಕ್ಸ್-5 ಒಂದರ ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್‌ಗಳು ತಿರುಗಿಸುವ ಎಂಜಿನ್‌ನ ಮುಖ್ಯ ದಂಡ) ಈಗ ಗುಜರಿಗೆ ಬಿದ್ದಿದೆ. ಬೆಲ್ಟ್ ಹರಿದಿರಲಿಲ್ಲ, ಆಯಿಲ್ ಬತ್ತಿರಲಿಲ್ಲ, ಎಂಜಿನ್ ಕಾದೂ ಇರಲಿಲ್ಲ. ಗ್ಯಾರೇಜ್ ಒಂದರಲ್ಲಿ ಕ್ರ್ಯಾಂಕ್ ಪುಲ್ಲಿಯ ನಡುವಿನ ಬೋಲ್ಟನ್ನು ಇಂಪ್ಯಾಕ್ಟ್ ಗನ್‌ನಿಂದ (ಗುದ್ದಿ ಗುದ್ದಿ ಬೋಲ್ಟ್ ತಿರುಗಿಸುವ ಯಂತ್ರ) ಬಿಚ್ಚಿ, ಕೆಲಸ ಮುಗಿದ ಮೇಲೆ ಹಳೇ ಬೋಲ್ಟು, ಹಳೇ ಕೀಯನ್ನೇ (ಕಾರಿನ ಕೀಲಿಯಲ್ಲ, ಕ್ರ್ಯಾಂಕ್ ತೋಡಿನಲ್ಲಿ ಕೂರುವ ಪುಟ್ಟ ಲೋಹದ ತುಂಡು) ಹಾಕಿ, ಅದೇ ಗನ್‌ನಿಂದ ಕಿರ್ರೆಂದು ಬಿಗಿದರು. ಬೇರೆ ಯಾವ ಕಾರಿನಲ್ಲಾದರೂ ಬಹುಶಃ ನಡೆದುಹೋಗುತ್ತಿತ್ತು. ಈ ಕಾರಿನಲ್ಲಿ ನಡೆಯುವುದಿಲ್ಲ. ಯಾಕೆ ನಡೆಯುವುದಿಲ್ಲ ಎನ್ನುವುದು ಗೊತ್ತಿಲ್ಲದ ಮೆಕ್ಯಾನಿಕ್ ಕೈಗೆ ಕಾರು ಕೊಡುವ ಮೊದಲು ಇದನ್ನು ಓದಿ.

1989ರಲ್ಲಿ ಬಂದ ಮೊದಲ ತಲೆಮಾರಿನ ಎಂಎಕ್ಸ್-5 (ಅಮೆರಿಕದಲ್ಲಿ ಮಿಯಾಟಾ, ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್) ಕಾರಿನ 1597 ಸಿಸಿ ಬಿ6 ಎಂಜಿನ್‌ನಲ್ಲಿ ಎರಡು ಬಗೆಯ ಕ್ರ್ಯಾಂಕ್ ಇವೆ. ಸುಮಾರು 1991ರ ಮಧ್ಯದವರೆಗೆ ಬಂದದ್ದು ಗಿಡ್ಡ ಮೂತಿಯದು (ಮೂತಿ ಎಂದರೆ ಪುಲ್ಲಿ ಕೂರುವ ಕ್ರ್ಯಾಂಕ್‌ನ ಮುಂತುದಿ). ಅದರ ನಂತರ ಮಾಜ್ದಾ ಮೂತಿಯನ್ನು ದಪ್ಪ ಮಾಡಿತು, ಬೋಲ್ಟನ್ನೂ ದೊಡ್ಡದು ಮಾಡಿತು. 1994ರ ಮಾದರಿಯಿಂದ ಬಂದ 1.8 ಲೀಟರ್ ಎಂಜಿನ್‌ನಲ್ಲೂ ದಪ್ಪ ಮೂತಿಯೇ. ನಿಮ್ಮದು ಯಾವುದು ಎಂದು ತಿಳಿಯಲು ಏನನ್ನೂ ಬಿಚ್ಚಬೇಕಿಲ್ಲ: ರೇಡಿಯೇಟರ್ ಮತ್ತು ಎಂಜಿನ್ ನಡುವೆ ಟಾರ್ಚ್ ಬಿಟ್ಟು ಕ್ರ್ಯಾಂಕ್ ಪುಲ್ಲಿಯ ನಡುಭಾಗ ನೋಡಿ. ಬೋಲ್ಟಿನ ಸುತ್ತ 4 ಸೀಳುಗಳಿದ್ದರೆ ಗಿಡ್ಡ ಮೂತಿ, 8 ಇದ್ದರೆ ದಪ್ಪ ಮೂತಿ. ನೋಂದಣಿ ಪತ್ರದ ವರ್ಷ ನೋಡಿ ತೀರ್ಮಾನಿಸಬೇಡಿ. ಮೂವತ್ತು ವರ್ಷ ದಾಟಿದ ಕಾರುಗಳಿವು, ಒಳಗಿರುವ ಎಂಜಿನ್ ಬೇರೆ ವರ್ಷದ್ದಾಗಿರುವುದು ಅಪರೂಪವೇನಲ್ಲ.

ಮೂತಿಯ ಮೇಲೆ ಮೊದಲು ಟೈಮಿಂಗ್ ಬೆಲ್ಟಿನ ಸ್ಪ್ರಾಕೆಟ್ (ಬೆಲ್ಟನ್ನು ಎಳೆಯುವ ಹಲ್ಲುಚಕ್ರ) ಕೂರುತ್ತದೆ, ಅದರ ಮುಂದೆ ಪುಲ್ಲಿಯ ಬಾಸ್, ಅಂದರೆ ಪುಲ್ಲಿಯನ್ನು ಹೊರುವ ನಡುಗುಬಟು. ಎರಡಕ್ಕೂ ಜಾಗ ತೋರಿಸುವುದು ಒಂದೇ ಕೀ. ಹೊರಗಿನ ಪುಲ್ಲಿ 10 ಎಂಎಂ ತಲೆಯ ನಾಲ್ಕು ಬೋಲ್ಟುಗಳಿಂದ ಬಾಸ್‌ಗೆ ಸೇರುತ್ತದೆ. ಇಡೀ ಸರಂಜಾಮನ್ನು ಮೂತಿಗೆ ಒತ್ತಿ ಹಿಡಿಯುವುದು ನಡುವಿನ 21 ಎಂಎಂ ತಲೆಯ ಬೋಲ್ಟು. ಇಲ್ಲಿ ತಪ್ಪು ತಿಳಿಯುವವರೇ ಹೆಚ್ಚು. ಸ್ಪ್ರಾಕೆಟ್ಟನ್ನು ತಿರುಗಿಸುವುದು ಕೀ ಎಂದುಕೊಳ್ಳುತ್ತಾರೆ. ಅದರ ಕೆಲಸ ಜೋಡಿಸುವಾಗ ಕೋನ ತೋರಿಸುವುದು ಮಾತ್ರ. ಎಂಜಿನ್ ಓಡುವಾಗ ಭಾರ ಹೊರಬೇಕಾದದ್ದು ಬೋಲ್ಟಿನ ಒತ್ತಡದಿಂದ ಹುಟ್ಟುವ ಘರ್ಷಣೆ. ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಪ್ರತಿ 180 ಡಿಗ್ರಿಗೆ ಒಂದು ಸ್ಫೋಟ. ಕ್ರ್ಯಾಂಕ್ ಪ್ರತಿ ಸಲವೂ ಚೂರು ಮುನ್ನುಗ್ಗಿ ಚೂರು ತಡೆಯುತ್ತದೆ. ಬೋಲ್ಟಿನ ಒತ್ತಡ ಸಾಲದಿದ್ದರೆ ಆ ಹಿಂದುಮುಂದಿನ ಗುದ್ದೆಲ್ಲ ಕೀ ಮೇಲೆ ಬೀಳುತ್ತದೆ. ಗಿಡ್ಡ ಮೂತಿಯಲ್ಲಿ ಕೀ ಕಚ್ಚಿಕೊಳ್ಳುವ ಉದ್ದವೂ ಕಡಿಮೆ. ಹಾಗಾಗಿ ಕೀವೇಯ (ಕೀ ಕೂರುವ ತೋಡಿನ) ಅಂಚು ಜಜ್ಜಿಹೋಗುತ್ತದೆ, ಸಡಿಲ ಹೆಚ್ಚುತ್ತದೆ, ಸಡಿಲ ಹೆಚ್ಚಿದಷ್ಟೂ ಗುದ್ದು ಜೋರಾಗುತ್ತದೆ. ಒಮ್ಮೆ ಶುರುವಾದರೆ ತಾನಾಗಿ ನಿಲ್ಲುವ ಸವೆತವಲ್ಲ ಇದು.

ಮೇಲೆ ಹೇಳಿದ ಕಾರಿನಲ್ಲಿ ಮೊದಲು ಕಂಡದ್ದು ಏರು ರಸ್ತೆಯಲ್ಲಿ ಶಕ್ತಿ ಕುಗ್ಗಿದ್ದು. ಐಡಲ್ ಸರಿಯಿತ್ತು, ಮೇಲಿನ ಆರ್‌ಪಿಎಂನಲ್ಲಿ ಮಂಕು. ಫ್ಯೂಯೆಲ್ ಫಿಲ್ಟರ್ ಬದಲಾಯಿತು. ಪ್ಲಗ್ ಲೀಡುಗಳು ಬದಲಾದವು. ಏರ್‌ಫ್ಲೋ ಮೀಟರಿನ ಮೇಲೆ ಅನುಮಾನ ಬಂತು, ಈ 1.6ರಲ್ಲಿ ಅದು ಬಾಗಿಲಿನಂತೆ ತೆರೆಯುವ ಫ್ಲ್ಯಾಪ್ ಬಗೆಯದು, ಅದರ ಮೇಲೆ ಅನುಮಾನ ಪಡುವುದು ಸುಲಭ. ಕೊನೆಗೆ ಯಾರೋ ಟೈಮಿಂಗ್ ಲೈಟ್ (ಪ್ಲಗ್ ಕಿಡಿ ಹಾರಿದಾಗಲೆಲ್ಲ ಮಿನುಗಿ ಪುಲ್ಲಿಯ ಗುರುತು ತೋರಿಸುವ ದೀಪ) ಹಿಡಿದು ನೋಡಿದಾಗ ಇಗ್ನಿಷನ್ ಹಿಂದೆ ಬಿದ್ದಿತ್ತು, ಅಂದರೆ ಕಿಡಿ ತಡವಾಗಿ ಹಾರುತ್ತಿತ್ತು. ಕಾರು ಉಳಿಯಬಹುದಾಗಿದ್ದ ಕೊನೆಯ ಅವಕಾಶ ಅದೇ. ಆದರೆ ಸಿಲಿಂಡರ್ ಹೆಡ್‌ನ ಹಿಂಬದಿಯ ಕ್ಯಾಮ್ ಆಂಗಲ್ ಸೆನ್ಸರಿನ 12 ಎಂಎಂ ಬೋಲ್ಟ್ ಸಡಿಲಿಸಿ, ಸೆನ್ಸರ್ ತಿರುಗಿಸಿ, ಗುರುತು 10 ಡಿಗ್ರಿಗೆ ತಂದು ಕಾರನ್ನು ವಾಪಸ್ ಕೊಟ್ಟರು. ಸ್ವಲ್ಪ ದಿನ ಚೆನ್ನಾಗಿಯೇ ಓಡಿತು. ಆ ಸ್ವಲ್ಪ ದಿನದಲ್ಲೇ ಕೀವೇ ಪೂರ್ತಿ ಅಗಲವಾಗಿ, ಕೀ ಕತ್ತರಿಸಿ, ಸ್ಪ್ರಾಕೆಟ್ ಮೂತಿಯ ಮೇಲೆ ಉರುಳಿತು.

ಸೆನ್ಸರನ್ನು ಯಾರೂ ಮುಟ್ಟದಿದ್ದರೂ ಟೈಮಿಂಗ್ ಜಾರಿದೆ ಎಂದರೆ ಸೆನ್ಸರ್ ತಿರುಗಿಸುವುದು ದುರಸ್ತಿಯಲ್ಲ. ಸೆನ್ಸರ್ ತಿರುಗುವುದು ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ನಿಂದ, ಕ್ಯಾಮ್ ತಿರುಗುವುದು ಅದೇ ಸ್ಪ್ರಾಕೆಟ್ ಎಳೆಯುವ ಬೆಲ್ಟಿನಿಂದ. ಸ್ಪ್ರಾಕೆಟ್ ಹಿಂದೆ ಸರಿದರೆ ಕಿಡಿಯೂ ತಡ, ವಾಲ್ವ್‌ಗಳೂ ತಡ. ಸೆನ್ಸರ್ ತಿರುಗಿಸಿದರೆ ಕಿಡಿ ಮಾತ್ರ ಸರಿಹೋಗುತ್ತದೆ. ಕಾಯಿಲೆ ಹಾಗೇ ಉಳಿದು ಲಕ್ಷಣ ಮರೆಯಾಗುತ್ತದೆ.

ಟೈಮಿಂಗ್ ಪರೀಕ್ಷೆ ಹೀಗೆ: ಎಂಜಿನ್ ಪೂರ್ತಿ ಬಿಸಿಯಾಗಿರಲಿ, ದೀಪ, ಫ್ಯಾನ್ ಎಲ್ಲ ಆಫ್ ಇರಲಿ. ಎಂಜಿನ್ ಕೋಣೆಯ ಡಯಾಗ್ನೋಸಿಸ್ ಪೆಟ್ಟಿಗೆಯಲ್ಲಿ ಟಿಇಎನ್ ಮತ್ತು ಜಿಎನ್‌ಡಿ ಎಂದು ಬರೆದಿರುವ ಟರ್ಮಿನಲ್ ಎರಡನ್ನೂ ಒಂದು ತಂತಿಯಿಂದ ಸೇರಿಸಿ. ಐಡಲ್ 850 ಆರ್‌ಪಿಎಂ, 50 ಆಚೀಚೆ. ಒಂದನೇ ಸಿಲಿಂಡರಿನ (ತೀರಾ ಮುಂದಿನದು) ಲೀಡಿಗೆ ಲೈಟಿನ ಕ್ಲಾಂಪ್ ಹಾಕಿ. ಟಿಡಿಸಿಗೆ (ಪಿಸ್ಟನ್ ತೀರಾ ಮೇಲೆ ಬರುವ ಬಿಂದು) ಮುಂಚೆ 10 ಡಿಗ್ರಿ ಬರಬೇಕು, ಒಂದು ಡಿಗ್ರಿ ಆಚೀಚೆ ಸರಿ. ಡಯಲ್ ತಿರುಗಿಸಿ ಓದುವ ದುಬಾರಿ ಲೈಟು ಇಲ್ಲಿ ದಾರಿ ತಪ್ಪಿಸಬಹುದು, ಏಕೆಂದರೆ ಈ ಎಂಜಿನ್‌ನಲ್ಲಿ ಪ್ರತಿ ಪ್ಲಗ್‌ಗೂ ಎಕ್ಸಾಸ್ಟ್ ಹೊಡೆತದಲ್ಲೂ ಒಂದು ಕಿಡಿ ಹಾರುತ್ತದೆ. ಡಯಲ್ ಸೊನ್ನೆಯಲ್ಲಿಡಿ, ಅಥವಾ ಸಾದಾ ಲೈಟ್ ಬಳಸಿ.

ಲೈಟು 10 ತೋರಿಸಿತು ಎಂದು ನಿಟ್ಟುಸಿರು ಬಿಡುವಂತಿಲ್ಲ. ಬಾಸ್ ಮತ್ತು ಸ್ಪ್ರಾಕೆಟ್ ಎರಡಕ್ಕೂ ಒಂದೇ ಕೀ ಎಂದೆನಲ್ಲ, ಎರಡೂ ಒಟ್ಟಿಗೇ ಜಾರಿದರೆ ಪುಲ್ಲಿಯ ಗುರುತೂ ಅವುಗಳ ಜೊತೆಗೇ ಜಾರಿರುತ್ತದೆ. ಲೈಟಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ನಿಜವಾದ ಟಿಡಿಸಿ ಹುಡುಕಬೇಕು. ನಾಲ್ಕೂ ಪ್ಲಗ್ ತೆಗೆದು, ಒಂದನೇ ರಂಧ್ರಕ್ಕೆ ಪಿಸ್ಟನ್ ಸ್ಟಾಪ್ (ಪಿಸ್ಟನ್ ಪೂರ್ತಿ ಮೇಲೇರದಂತೆ ತಡೆಯುವ ಸಾಧನ) ಹಾಕಿ, ಪಿಸ್ಟನ್ ತಾಗುವವರೆಗೆ ಎಂಜಿನ್ನನ್ನು ಪ್ರದಕ್ಷಿಣವಾಗಿ ನಿಧಾನಕ್ಕೆ ತಿರುಗಿಸಿ, ಪುಲ್ಲಿಯ ಮೇಲೆ ಗುರುತು ಮಾಡಿ. ನಂತರ ಹಿಂದಕ್ಕೆ ತಿರುಗಿಸಿ ಇನ್ನೊಂದು ಬದಿಯಲ್ಲಿ ತಾಗಿದಾಗ ಮತ್ತೊಂದು ಗುರುತು. ಎರಡರ ನಟ್ಟನಡುವೆ ಪುಲ್ಲಿಯ ಸ್ವಂತ ಟಿಡಿಸಿ ಗುರುತು ಇರಬೇಕು. ಹಿಂದಕ್ಕೆ ತಿರುಗಿಸುವಾಗ ಮಾತ್ರ ಸ್ಪ್ಯಾನರನ್ನು ಆ ಬೋಲ್ಟಿಗೆ ಹಾಕಬೇಡಿ, ಬೋಲ್ಟೇ ಸಡಿಲವಾದೀತು. ಟಾಪ್ ಗೇರ್ ಹಾಕಿ ಕಾರನ್ನು ಹಿಂದಕ್ಕೆ ತಳ್ಳಿ. ನಡುಗೆರೆ ಎರಡು ಮೂರು ಡಿಗ್ರಿಗಿಂತ ಹೆಚ್ಚು ತಪ್ಪಿದ್ದರೆ ಮೂತಿ ಕೆಟ್ಟಿದೆ ಎಂದೇ ತಿಳಿದು ಬಿಚ್ಚಿ ನೋಡಿ.

ಇನ್ನೊಂದು ಲಕ್ಷಣ, ಐಡಲ್‌ನಲ್ಲಿ ಪುಲ್ಲಿ ಓಲಾಡುವುದು. ಹಳೇ ಪುಲ್ಲಿಯ ರಬ್ಬರ್ ಹೋಗಿದ್ದರೂ ಓಲಾಡಬಹುದು. ಅನುಮಾನವಿದ್ದರೆ 10 ಎಂಎಂ ಬೋಲ್ಟುಗಳನ್ನು ಬಿಚ್ಚಿ ಹೊರಪುಲ್ಲಿ ತೆಗೆದು ಬಾಸ್‌ಗೇ ಡಯಲ್ ಗೇಜ್ ಇಡಿ. ತಣ್ಣಗಿದ್ದಾಗ ಎಂಜಿನ್ ಮೇಲ್ಭಾಗದಿಂದ ಬರುವ ಟಕಟಕ ಶಬ್ದ ಹೈಡ್ರಾಲಿಕ್ ಲಿಫ್ಟರುಗಳದ್ದು, ಈ ಎಂಜಿನ್‌ನ ಹುಟ್ಟುಗುಣ, ಅದಕ್ಕೆ ಹೆದರಬೇಡಿ. ಮುಂದಿನಿಂದ, ಕೆಳಗಿನಿಂದ ಬಡಿತ ಕೇಳಿದರೆ ಹೆದರಿ.

ಬೋಲ್ಟ್ ಬಿಚ್ಚಲೇಬೇಕಾದಾಗ ಏನು ಮಾಡಬೇಕು? ಮೊದಲು ಸಾಮಾನು ತರಿಸಿಕೊಳ್ಳಿ: ಹೊಸ ಬೋಲ್ಟ್, ಹೊಸ ಕೀ, ಹೊಸ ಸ್ಪ್ರಾಕೆಟ್, ಮುಂದಿನ ಕ್ರ್ಯಾಂಕ್ ಸೀಲ್. ಬಾಸ್‌ನ ಕೀ ತೋಡಿನಲ್ಲಿ ಜಜ್ಜಿದ ಗುರುತಿದ್ದರೆ ಅದನ್ನೂ ಬದಲಿಸಿ. ಬಿಚ್ಚುವ ಮುನ್ನ ಬಾಸ್‌ನ ಮುಖ ಬ್ಲಾಕಿನಿಂದ ಎಷ್ಟು ದೂರದಲ್ಲಿದೆ ಎಂದು ಕ್ಯಾಲಿಪರ್‌ನಲ್ಲಿ ಅಳೆದು ಬರೆದಿಡಿ. ಜೋಡಿಸುವಾಗ ಕೀ ಹಿಂದಕ್ಕೆ ಜಾರಿ ಅಥವಾ ಮೇಲೆದ್ದು, ಬಾಸ್ ಪೂರ್ತಿ ಕೂರದೆ ಕೀ ಮೇಲೆಯೇ ನಿಲ್ಲುವುದುಂಟು. ಟಾರ್ಕ್ ರೆಂಚ್ (ಗೊತ್ತುಮಾಡಿದ ಬಿಗಿತ ಬಂದಾಗ ಕ್ಲಿಕ್ ಎನ್ನುವ ಸ್ಪ್ಯಾನರ್) ಆಗಲೂ ಕ್ಲಿಕ್ ಎನ್ನುತ್ತದೆ. ಅಳತೆ ಮಾತ್ರ ಸುಳ್ಳು ಹೇಳುವುದಿಲ್ಲ.

ಎಂಜಿನ್ ತಿರುಗದಂತೆ ಹಿಡಿಯಲು ಬಾಸ್‌ನ ಬೋಲ್ಟು ರಂಧ್ರಗಳಿಗೆ ಒಂದು ಉದ್ದ ಕಬ್ಬಿಣದ ಪಟ್ಟಿ ಬಿಗಿಯಿರಿ. ಬ್ರೇಕರ್ ಬಾರನ್ನು ಚಾಸಿಗೆ ಆನಿಸಿ ಸ್ಟಾರ್ಟರ್ ಒತ್ತುವ ಹಳೇ ಉಪಾಯ ಬೇಡವೇ ಬೇಡ. ಆ ಜರ್ಕು ಬೀಳುವುದು ಇದೇ ಮೂತಿಗೆ.

ಗಿಡ್ಡ ಮೂತಿಯ ಬೋಲ್ಟಿನ ಬಿಗಿತ 108ರಿಂದ 118 ನ್ಯೂಟನ್ ಮೀಟರ್. ದಪ್ಪ ಮೂತಿಯದ್ದು 157ರಿಂದ 167. ಎರಡನ್ನೂ ಅದಲುಬದಲು ಮಾಡಿದರೆ ಎರಡೂ ಕಡೆ ಕೆಡುತ್ತದೆ: ಗಿಡ್ಡ ಮೂತಿಯ ಬೋಲ್ಟಿಗೆ 160 ಕೊಟ್ಟರೆ ಅದು ಎಳೆದುಹೋಗಿ ಒತ್ತಡವನ್ನೇ ಕಳೆದುಕೊಳ್ಳುತ್ತದೆ. ಎಳೆಗಳು ಸ್ವಚ್ಛವಾಗಿರಲಿ, ರಂಧ್ರದ ತಳದಲ್ಲಿ ಎಣ್ಣೆ ನಿಂತಿರಬಾರದು.

ಕೀವೇ ಈಗಾಗಲೇ ಸ್ವಲ್ಪ ಸವೆದಿದ್ದರೆ ಎಂಜಿನ್ ಇಳಿಸದೆ ಮಾಡಬಹುದಾದ ಒಂದು ರಿಪೇರಿ ಇದೆ, ಮತ್ತು ಅದು ಬಾಳುತ್ತದೆ. ಲಾಕ್‌ಟೈಟ್ 660 ಎಂಬ ಬೂದುಬಣ್ಣದ ರಿಟೇನಿಂಗ್ ಕಾಂಪೌಂಡ್ (ಲೋಹದ ಭಾಗಗಳನ್ನು ಹಿಡಿದಿಡುವ ಅಂಟು) 0.5 ಎಂಎಂ ಸಂದಿನವರೆಗೆ ತುಂಬುತ್ತದೆ. ಮೊದಲು ಎಲ್ಲವನ್ನೂ ಕಾಂಪೌಂಡ್ ಹಚ್ಚದೆಯೇ ಜೋಡಿಸಿ ನೋಡಿ, ಹೊಸ ಕೀ ಸರಿಯಾದ ಬದಿಗೆ ಒರಗಿದಾಗ ಟಿಡಿಸಿ ಗುರುತು ಕೂಡುತ್ತದೆಯೇ ಎಂದು ಖಚಿತ ಮಾಡಿಕೊಳ್ಳಿ. ಹೊಸ ಸೀಲನ್ನು ಈಗಲೇ ಹಾಕಿ, ಸ್ಪ್ರಾಕೆಟ್ ಅಂಟಿದ ಮೇಲೆ ಸೀಲಿನ ಹತ್ತಿರ ಹೋಗಬೇಕಾದರೆ ಕಾಯಿಸಿ ಕೀಳಬೇಕಾಗುತ್ತದೆ. ಮೂತಿ, ಕೀವೇ, ಸ್ಪ್ರಾಕೆಟ್‌ನ ಒಳಮೈ ಎಲ್ಲವನ್ನೂ ಬ್ರೇಕ್ ಕ್ಲೀನರಿನಿಂದ ಎಣ್ಣೆಯ ಜಿಡ್ಡೇ ಇಲ್ಲದಂತೆ ತೊಳೆಯಿರಿ. ಈ ಕಾಂಪೌಂಡ್ ಸೋಲುವುದು ಹೆಚ್ಚಾಗಿ ಈ ಹಂತದ ಸೋಮಾರಿತನದಿಂದ. ಕೀವೇ ಮತ್ತು ಮೂತಿಗೆ ಹಚ್ಚಿ, ಜೋಡಿಸಿ, ತಡಮಾಡದೆ ಟಾರ್ಕ್ ಕೊಡಿ. ಸೀಲಿನ ತುಟಿಗಾಗಲಿ ಬೋಲ್ಟಿನ ರಂಧ್ರಕ್ಕಾಗಲಿ ಅದು ಇಳಿಯಬಾರದು. 24 ಗಂಟೆ ಎಂಜಿನ್ ತಿರುಗಿಸಬೇಡಿ, ಚಳಿಯಿದ್ದರೆ ಇನ್ನೂ ಕಾಯಿರಿ.

ಕೀವೇಯ ಗೋಡೆಯೇ ಮುರಿದಿದ್ದರೆ, ಅಥವಾ ಸ್ಪ್ರಾಕೆಟ್ ಉರುಳಿ ಮೂತಿಯ ದುಂಡುತನವೇ ಹಾಳಾಗಿದ್ದರೆ ಅಂಟಿನ ಕೆಲಸ ಬೇಡ. ಬೇರೆ ಕ್ರ್ಯಾಂಕ್, ಇಲ್ಲವೇ ದಪ್ಪ ಮೂತಿಯ ಪೂರ್ತಿ ಎಂಜಿನ್ ನೋಡಿ. ಎರಡನೆಯದೇ ವಾಸಿ ಎಂದು ನನ್ನ ಅನಿಸಿಕೆ, ಬಿಚ್ಚುವ ಶ್ರಮ ಹೆಚ್ಚುಕಡಿಮೆ ಒಂದೇ. ಒಂದು ಸಮಾಧಾನವಿದೆ: ಈ ಎಂಜಿನ್‌ನಲ್ಲಿ ವಾಲ್ವ್ ಪಿಸ್ಟನ್‌ಗೆ ಬಡಿಯುವುದಿಲ್ಲ, ಹಾಗಾಗಿ ಟೈಮಿಂಗ್ ಎಷ್ಟೇ ತಪ್ಪಿದರೂ ಹೆಡ್ ಉಳಿದಿರುತ್ತದೆ.

ಇದೇ ಕಾರಣಕ್ಕೆ, ಗಿಡ್ಡ ಮೂತಿಯ ಕಾರು ಕೊಳ್ಳಲು ಹೋದವರಿಗೆ ‘ಟೈಮಿಂಗ್ ಬೆಲ್ಟ್ ಈಗಷ್ಟೇ ಬದಲಿಸಿದ್ದು’ ಎನ್ನುವ ಮಾತು ಒಳ್ಳೆಯ ಸುದ್ದಿಯೇನಲ್ಲ. ಬೆಲ್ಟಿನ ಅವಧಿ ಸುಮಾರು 1,00,000 ಕಿಲೋಮೀಟರ್, ಹಳೇ ಬೆಲ್ಟ್ ಹರಿದರೂ ಎಂಜಿನ್ ನಿಲ್ಲುತ್ತದೆಯಷ್ಟೇ. ಯಾರು ಬದಲಿಸಿದರು, ಬೋಲ್ಟ್ ಹೊಸದೇ, ಎಷ್ಟು ಟಾರ್ಕ್ ಕೊಟ್ಟರು ಎಂದು ಕೇಳಿ, ಬಿಲ್ಲಿನಲ್ಲಿ ಬೋಲ್ಟು ಮತ್ತು ಕೀ ಇವೆಯೇ ನೋಡಿ. ಇಲ್ಲದಿದ್ದರೆ ಪಿಸ್ಟನ್ ಸ್ಟಾಪ್ ಜೊತೆಗೇ ಹೋಗಿ. ಪ್ಲಗ್ ಬಿಚ್ಚಲು ಒಪ್ಪದ ಮಾರಾಟಗಾರನ ಕಾರಿಗೆ ಕ್ರ್ಯಾಂಕ್ ರಿಪೇರಿಯ ಖರ್ಚನ್ನು ಕಳೆದೇ ಬೆಲೆ ಹೇಳಿ.