ಕೊಡುವ ಮೊದಲು ಕೇಳಲು ಕಲಿಸಿದ ಮಾರ್ಗದರ್ಶನ

ಚರ್ಚುಗಳು ತಮ್ಮ ನೆರೆಹೊರೆಯೊಂದಿಗೆ ಬೆರೆಯಲು ನೆರವಾಗುವ ಸಂಸ್ಥೆಯೊಂದರಿಂದ ನಮ್ಮ ಸಭೆಯು ಪಡೆದ ಆರು ತಿಂಗಳ ಮಾರ್ಗದರ್ಶನ ಈಚೆಗೆ ಮುಗಿಯಿತು. ಇಂಥ ಸೇವೆ ಬೇಕೋ ಬೇಡವೋ ಎಂದು ಯೋಚಿಸುತ್ತಿರುವ ಸಭಾಪಾಲಕರಿಗೂ ಹಿರಿಯರಿಗೂ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಆರೋಗ್ಯ ಶಿಬಿರ, ಬಟ್ಟೆ ಹಂಚಿಕೆ ಎಂದು ನಾವು ಸಿದ್ಧಪಡಿಸಿದ್ದ ಪಟ್ಟಿಯನ್ನು ಮಾರ್ಗದರ್ಶಕರು ಮೊದಲ ದಿನವೇ ಬದಿಗಿರಿಸಿದರು. ಅದನ್ನು ಮಾಡುವಾಗ ನೆರೆಯವರಲ್ಲಿ ಒಬ್ಬರನ್ನೂ ನಾವು ವಿಚಾರಿಸಿರಲಿಲ್ಲ. ಮುಂದಿನ ಎಂಟು ವಾರ ಇಬ್ಬಿಬ್ಬರಾಗಿ ಮನೆಗಳಿಗೂ ಅಂಗಡಿಗಳಿಗೂ ಹೋಗಿ, ಜನರಿಗೆ ಏನು ಕೊರತೆಯಿದೆ ಎಂಬುದಕ್ಕಿಂತ ಮೊದಲು ಅವರಿಗೆ ಏನು ಬರುತ್ತದೆ, ಯಾವುದರಲ್ಲಿ ಆಸಕ್ತಿಯಿದೆ ಎಂದು ಕೇಳಿ ಬರೆದುಕೊಳ್ಳುವುದಷ್ಟೇ ನಮ್ಮ ಕೆಲಸವಾಗಿತ್ತು. ಜನರ ಕೊರತೆಯಿಂದಲ್ಲ, ಅವರಲ್ಲಿರುವ ಸಾಮರ್ಥ್ಯದಿಂದ ಸಮುದಾಯವನ್ನು ಕಟ್ಟಬೇಕೆಂಬ ಈ ವಿಧಾನವನ್ನು ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಜಾನ್ ಕ್ರೆಟ್ಜ್‌ಮನ್ ಮತ್ತು ಜಾನ್ ಮೆಕ್‌ನೈಟ್ 1993ರಲ್ಲಿ ವಿವರವಾಗಿ ನಿರೂಪಿಸಿದ್ದರು.

ಕೇಳಿಸಿಕೊಳ್ಳುವುದೂ ಒಂದು ಸೇವೆಯೇ ಎಂಬುದಕ್ಕೆ ಮಾರ್ಗದರ್ಶಕರು ಕೊಟ್ಟ ಉದಾಹರಣೆ ನನ್ನ ಮನಸ್ಸಿನಲ್ಲಿ ಉಳಿದಿದೆ. ಆತ್ಮಹತ್ಯೆಯ ಯೋಚನೆಯಲ್ಲಿರುವವರಿಗಾಗಿ ಪಾದ್ರಿ ಚಾಡ್ ವರಾ 1953ರಲ್ಲಿ ಲಂಡನ್ನಿನ ತಮ್ಮ ಚರ್ಚಿನಲ್ಲಿ ದೂರವಾಣಿ ಸೇವೆ ಆರಂಭಿಸಿದಾಗ, ಅವರನ್ನು ಕಾಣಲು ಬಂದು ಕಾಯುತ್ತಿದ್ದವರಲ್ಲಿ ಹಲವರು ಸ್ವಯಂಸೇವಕರೊಡನೆ ಮಾತನಾಡಿಯೇ ಹಗುರಾಗುತ್ತಿದ್ದರಂತೆ. ನಮ್ಮಲ್ಲೂ ಒಂಟಿಯಾಗಿರುವ ವೃದ್ಧರೊಬ್ಬರು ಬಯಸಿದ್ದು ಸಂಜೆಯ ಹೊತ್ತು ಮಾತಿಗೊಬ್ಬರನ್ನು ಮಾತ್ರ. ಇದು ನಮ್ಮ ಹಳೆಯ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ.

ಈಗ ಚರ್ಚಿನ ಸಭಾಂಗಣದಲ್ಲಿ ವಾರಕ್ಕೆ ಎರಡು ದಿನ ಮಕ್ಕಳ ಓದಿನ ಕೂಟ ನಡೆಯುತ್ತಿದೆ. ಅದನ್ನು ನಡೆಸುವವರು ನಮ್ಮ ಸಭೆಗೆ ಸೇರದ ನಿವೃತ್ತ ಶಿಕ್ಷಕಿ. ಅಲ್ಲಿ ಸುವಾರ್ತೆ ಸಾರಬಹುದೇ ಎಂಬ ಪ್ರಶ್ನೆ ಹಿರಿಯರ ಸಮಿತಿಯಲ್ಲಿ ಎದ್ದಾಗ ಮಾರ್ಗದರ್ಶಕರು ಸ್ಪಷ್ಟವಾಗಿ ಉತ್ತರಿಸಿದರು: ನಾವು ಯಾರೆಂಬುದನ್ನು ಮುಚ್ಚಿಡಬೇಕಾಗಿಲ್ಲ, ಆದರೆ ನೆರವಿಗೆ ನಂಬಿಕೆಯನ್ನು ಷರತ್ತಾಗಿಸಬಾರದು. ನೆರವು ಗಾಳಕ್ಕೆ ಸಿಕ್ಕಿಸಿದ ಎರೆಯಾದರೆ ನೆರೆಯವರ ವಿಶ್ವಾಸ ಒಂದೇ ದಿನದಲ್ಲಿ ಕಳೆದುಹೋಗುತ್ತದೆ ಎಂಬುದರಲ್ಲಿ ನನಗೂ ಸಂದೇಹವಿಲ್ಲ.

ಆಕ್ಷೇಪಣೆಯೂ ಇದೆ, ಅದು ಸಣ್ಣದಲ್ಲ. ಮಕ್ಕಳ ಸುರಕ್ಷತೆಗೆ ಸಂಸ್ಥೆಯು ಮೀಸಲಿಟ್ಟದ್ದು ಒಂದೇ ಗಂಟೆ, ಅದೂ ಕೊನೆಯ ತಿಂಗಳಲ್ಲಿ. ಯಾವ ವಯಸ್ಕರೂ ಮಗುವಿನೊಂದಿಗೆ ಏಕಾಂತದಲ್ಲಿ ಇರಬಾರದು, ಸ್ವಯಂಸೇವಕರ ಹಿನ್ನೆಲೆಯನ್ನು ಮೊದಲೇ ವಿಚಾರಿಸಬೇಕು, ದೂರನ್ನು ಯಾರಿಗೆ ಕೊಡಬೇಕೆಂಬುದು ಪೋಷಕರಿಗೆ ತಿಳಿದಿರಬೇಕು. ಇವೆಲ್ಲ ಸಭಾಂಗಣದ ಬಾಗಿಲು ತೆರೆಯುವ ಮೊದಲೇ ಆಗಬೇಕಾದ ಕೆಲಸಗಳು. ನಾವು ಕೂಟವನ್ನು ಎರಡು ವಾರ ನಿಲ್ಲಿಸಿ ಈ ನಿಯಮಗಳನ್ನು ನಾವೇ ಬರೆದುಕೊಳ್ಳಬೇಕಾಯಿತು. ಮಾಸಿಕ ವರದಿಯ ನಮೂನೆಯೂ ಬಂದವರ ತಲೆ ಎಣಿಸುವುದಕ್ಕೆ ಸೀಮಿತವಾಗಿತ್ತು.

ಎರಡನೆಯ ಹಂತಕ್ಕೂ ಇದೇ ಸಂಸ್ಥೆಯನ್ನು ಕರೆಯಲು ಸಮಿತಿ ಒಪ್ಪಿದೆ. ಮಕ್ಕಳ ಸುರಕ್ಷತೆಯ ತರಬೇತಿ ಮೊದಲ ವಾರದಲ್ಲೇ ಆಗಬೇಕೆಂಬುದನ್ನು ಈ ಬಾರಿ ಒಪ್ಪಂದದಲ್ಲಿ ಬರೆಸಿದ್ದೇವೆ.