ಸಿಬಿಲ್‌ನ ಉಚಿತ ವರದಿ ತೆಗೆಸಿದ ಅನುಭವ

ದಾವಣಗೆರೆಯ ನಮ್ಮ ಮಂಡಕ್ಕಿ ಭಟ್ಟಿಗೆ ಸಾಲ ಕೇಳುವ ಮುಂಚೆ ಎಲ್ಲರ ಸಾಲದ ಲೆಕ್ಕ ಇಡುವ ಸಿಬಿಲ್ ಸಂಸ್ಥೆಯ ವೆಬ್‌ಸೈಟಿನಲ್ಲಿ ನನ್ನ ಸಾಲದ ವರದಿ ತೆಗೆದೆ. ವರ್ಷಕ್ಕೊಮ್ಮೆ ಪೂರ್ತಿ ಉಚಿತ. ದುಡ್ಡಿನ ಪ್ಲಾನ್‌ಗಳನ್ನೂ ತೋರಿಸುತ್ತಾರೆ, ಅವು ಬೇಕಿಲ್ಲ. ಸಾಲ ಸರಿಯಾಗಿ ತೀರಿಸುತ್ತೇವಾ ಅಂತ ತೋರಿಸುವ ಸ್ಕೋರ್ 300ರಿಂದ 900ರವರೆಗೆ, ನನ್ನದು 684. ಯಾಕಿಷ್ಟು ಕಡಿಮೆ ಅಂತ ಕೆಳಗೆ ಓದುತ್ತಾ ಹೋದರೆ, ಎರಡು ವರ್ಷದ ಹಿಂದೆ ತೀರಿಸಿದ ಬೈಕ್ ಸಾಲ ಇನ್ನೂ ಬಾಕಿ ಅಂತಿತ್ತು! ಎಷ್ಟು ಸಂಕಟವಾಯಿತು ಗೊತ್ತಾ? ಸಾಲ ತೀರಿದ ಪತ್ರ ಬೀರುವಿನಲ್ಲೇ ಇತ್ತು. ಅಲ್ಲೇ ಆನ್‌ಲೈನಿನಲ್ಲಿ ತಕರಾರು ಹಾಕಿದೆ. 30 ದಿನದೊಳಗೆ ಬಗೆಹರಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ನಮಗೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ. ನನ್ನದು 22ನೇ ದಿನಕ್ಕೆ ಸರಿಯಾಯಿತು. ನಮ್ಮ ವರದಿ ನಾವೇ ನೋಡಿದರೆ ಸ್ಕೋರ್ ಇಳಿಯುವುದಿಲ್ಲ, ಸುಮ್ನೆ ಹೆದರಬೇಡಿ. ಸಿಬಿಲ್‌ನಂಥದೇ ಬೇರೆ ಸಂಸ್ಥೆಗಳಾದ ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ವರದಿಗಳೂ ವರ್ಷಕ್ಕೊಂದು ಉಚಿತ. ಈ ವಾರ ಅವನ್ನೂ ತರಿಸುತ್ತಿದ್ದೇನೆ.