ಸೋಲ್ ಸಂಗೀತದ ಹಳೇ ಪೋಸ್ಟರ್: ಅಸಲಿಯಾ, ಮರುಮುದ್ರಣವಾ?

ಸೋಲ್ ಅಂದರೆ ಅಮೆರಿಕದ ಕಪ್ಪು ಜನರ ಚರ್ಚ್ ಹಾಡು, ಬ್ಲೂಸ್‌ಗಳಿಂದ ಹುಟ್ಟಿದ ಸಂಗೀತ. 1960ರ ದಶಕದ ಅಲ್ಲಿನ ಸೋಲ್ ಗಾಯಕರ ಕಾರ್ಯಕ್ರಮದ ಪೋಸ್ಟರ್ ಕೊಳ್ಳಬೇಕು ಅಂತಿದ್ದೀರಾ? ಮೊದಲು ಬೆರಳಿಂದ ಮುಟ್ಟಿ ನೋಡಿ. ಅಸಲಿ ಪೋಸ್ಟರ್ ಸಾಮಾನ್ಯವಾಗಿ ದಪ್ಪ ರಟ್ಟಿನದು, ಸುಮಾರು 14x22 ಇಂಚು. ಬಾಲ್ಟಿಮೋರಿನ ಗ್ಲೋಬ್ ಪೋಸ್ಟರ್‌ನಂಥ ಮುದ್ರಣಾಲಯಗಳು ಮರದ ಅಚ್ಚುಮೊಳೆ ಜೋಡಿಸಿ ಒತ್ತುತ್ತಿದ್ದವು. ಹಾಗಾಗಿ ದೊಡ್ಡ ಅಕ್ಷರಗಳು ಕೊಂಚ ತಗ್ಗಾಗಿರುತ್ತವೆ. ಭೂತಗನ್ನಡಿ ಹಿಡಿದರೆ ಮಸಿ ತುಂಬಿಕೊಂಡಂತೆ ಕಾಣುತ್ತದೆ. ಫೋಟೋ ತೆಗೆದು ಮತ್ತೆ ಮುದ್ರಿಸಿದ ನಕಲಿನಲ್ಲಿ ಅಕ್ಷರಗಳೂ ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದಿರುತ್ತವೆ.

ಆಮೇಲೆ ತಾರೀಕು. ನಕಲು ಮಾಡುವವರು ಜಾಸ್ತಿ ಎಡವುವುದು ಇಲ್ಲೇ. ಸ್ಟ್ಯಾಕ್ಸ್ ಎಂಬ ರೆಕಾರ್ಡ್ ಕಂಪನಿ ಗಾಯಕ ಓಟಿಸ್ ರೆಡ್ಡಿಂಗ್, ಸ್ಯಾಮ್ ಅಂಡ್ ಡೇವ್ ಜೋಡಿ, ಬುಕರ್ ಟಿ ವಾದ್ಯತಂಡವನ್ನು ಯುರೋಪಿಗೆ ಕರೆದೊಯ್ದದ್ದು 1967ರ ಮಾರ್ಚ್-ಏಪ್ರಿಲ್‌ನಲ್ಲಿ. ಆ ಪ್ರವಾಸದ್ದು ಅಂತ ಹೇಳಿ ಆಗಸ್ಟ್ ತಾರೀಕಿದ್ದರೆ ಬಿಟ್ಟುಬಿಡಿ. ಅದೇ ವರ್ಷ ಡಿಸೆಂಬರ್ 10ರ ಭಾನುವಾರ, ಅಮೆರಿಕದ ಮ್ಯಾಡಿಸನ್ ನಗರದ ಕಾರ್ಯಕ್ರಮಕ್ಕೆ ಹೊರಟಿದ್ದ ರೆಡ್ಡಿಂಗ್ ವಿಮಾನ ಕೆರೆಗೆ ಬಿತ್ತು. ತೀರಿಕೊಂಡಾಗ ಅವರಿಗಿನ್ನೂ 26 ವರ್ಷ. ಆ ರಾತ್ರಿ ನಡೆಯಬೇಕಿದ್ದ ಕಾರ್ಯಕ್ರಮದ ಪೋಸ್ಟರ್ ಅಂತ ಯಾರಾದರೂ ತಂದರೆ ಇನ್ನೂ ಹುಷಾರಾಗಿರಿ. ಅಂಥ ಕಾಗದಕ್ಕೆ ನಕಲು ಹುಟ್ಟದೇ ಇರುತ್ತಾ?

ಗೋಡೆಗೆ ಚೆಂದ ಕಂಡರೆ ಸಾಕು ಅನ್ನುವವರಿಗೆ ಮರುಮುದ್ರಣವೇ ಸರಿ. ಕಡಿಮೆ ಬೆಲೆ, ಹರಿದರೂ ಚಿಂತೆಯಿಲ್ಲ. ಆದರೆ ಮಾರುವವರು ಅದನ್ನು ಮರುಮುದ್ರಣ ಅಂತಲೇ ಹೇಳಬೇಕು. ಅಸಲಿ ಅನ್ನುವವರ ಹತ್ತಿರ ಅದು ಎಲ್ಲಿಂದ ಬಂತು ಅಂತ ಕೇಳಿ. ಉತ್ತರ ತಡವರಿಸಿದರೆ ನಾನಂತೂ ದುಡ್ಡು ಕೊಡುವುದಿಲ್ಲ.